ಭಾನುವಾರ ಅಳೆದ ದಾರಿ

ನಕ್ಷೆ ಕಾಣೆಯಾದದ್ದು ಗೊತ್ತಾದದ್ದು ಮಂಗಳವಾರ ಬೆಳಿಗ್ಗೆ ಎಂಟಕ್ಕೆ. ಒಂಬತ್ತಕ್ಕೆ ಆಸ್ಪತ್ರೆಯ ಆಡಳಿತಾಧಿಕಾರಿಣಿ ದೂರು ಹಿಡಿದು ಠಾಣೆಗೆ ಬಂದರು. ಆಸ್ಪತ್ರೆಯ ಕಸ ಯಾವ ದಾರಿಯಲ್ಲಿ ಹೊರಹೋಗಬೇಕು, ಊಟ, ಔಷಧಿ ಯಾವ ದಾರಿಯಲ್ಲಿ ಒಳಬರಬೇಕು ಎಂಬ ನಕ್ಷೆ ಅದು. ಮೊಹರು ಬಿದ್ದದ್ದು ಅದೊಂದೇ ಪ್ರತಿ. ಮರುದಿನ ಪರಿಶೀಲನೆಗೆ ಅದಿಲ್ಲದಿದ್ದರೆ ಮಕ್ಕಳ ಹೊಸ ವಾರ್ಡು ತೆರೆಯುವಂತಿಲ್ಲ.

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಇನ್ಸ್‌ಪೆಕ್ಟರ್ ಯೋಜನಾ ಕೊಠಡಿಯ ಪಂಚನಾಮೆ ಬರೆಸಿದರು. ಬೀಗ ಮುರಿದಿರಲಿಲ್ಲ.

"ಒಳಗೆ ಯಾರ್ಯಾರು ಬರ್ತಾರೆ?"

"ನಾನು. ಬೆಳಿಗ್ಗೆ ಕಸ ಒಯ್ಯೋರು," ಎಂದ ನಕ್ಷೆ ಬರೆದ ಯೋಜಕ.

"ಹಾಗಾದ್ರೆ ಕಸದ ನಕ್ಷೆ ಕಸದ ಜೊತೆಗೇ ಹೋಯ್ತು ಅನ್ನಿ," ಎಂದಳು ಮಹಿಳಾ ಪೇದೆ. ಇನ್ಸ್‌ಪೆಕ್ಟರ್ ಮೀಸೆಯಡಿಯಲ್ಲೇ ನಕ್ಕರು.

ಗೋಡೆಯ ಮೇಲಿನ ಸೀಮೆಸುಣ್ಣದ ಬಾಣಗಳನ್ನು ಕಂಡವಳೂ ಅವಳೇ. ಅಡುಗೆಮನೆಯಿಂದ ಲಿಫ್ಟಿನವರೆಗೆ ತಿರುವಿಗೊಂದು, ಪಕ್ಕದಲ್ಲಿ ಗಂಟೆ, ನಿಮಿಷ. ಲಿಫ್ಟಿನ ಬಳಿ, 'ಊಟ ೭-೧೦. ಹಳದಿ ಚೀಲ ೭-೧೦.' ಸೋಂಕಿನ ಕಸ ತುಂಬುವುದು ಹಳದಿ ಚೀಲದಲ್ಲಿ.

ಲಿಫ್ಟಿನಿಂದ ಮುಂದಕ್ಕೂ ಸಾಗಿದ ಬಾಣಗಳು ಅವರೆಲ್ಲರನ್ನೂ ಹನ್ನೊಂದು ಇಪ್ಪತ್ತಕ್ಕೆ ಹಿಂದಿನ ಶೆಡ್ಡಿಗೆ ತಂದವು. ಕಸದ ಗಾಡಿಯ ತಾತ ಬೋರಲು ಹಾಕಿದ ಡಬ್ಬದ ಮೇಲೆ ನಕ್ಷೆ ಹರಡಿ, ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದ.

"ತಾತ, ಕದ್ದಿದ್ದು ನೀವೇನಾ?" ಎಂದರು ಇನ್ಸ್‌ಪೆಕ್ಟರ್.

"ಹೂಂ ಕಣಪ್ಪ. ಒಂದು ತಿರುವು ಬಾಕಿ ಇದೆ, ಆಮೇಲೆ ಕೋಳ ಹಾಕು."

"ಯಾಕೆ ಕದ್ರಿ?"

"ಈ ಯಜಮಾನ್ರು ಲಿಫ್ಟಿನ ಓಡಾಟದ ಹೊತ್ತು ಅಳೆದಿದ್ದು ಭಾನುವಾರ. ಭಾನುವಾರ ಅಲ್ಲಿ ನೊಣಾನೂ ಇರಲ್ಲ! ಮಿಕ್ಕ ದಿನ ನನ್ನ ಚೀಲ, ಮಕ್ಕಳ ಹಾಲು ಎರಡೂ ಒಂದೇ ಬಾಗಿಲಲ್ಲಿ ಮುಖಾಮುಖಿ. ನಾಲ್ಕು ಸಲ ಹೇಳಿದೆ, ನಕ್ಕುಬಿಟ್ರು."

ಯೋಜಕ ಬಗ್ಗಿ ನೋಡಿದ, ಬೆರಳು ಮಡಚಿ ಲೆಕ್ಕ ಹಾಕಿದ, ಕಿವಿಯವರೆಗೆ ಕೆಂಪಾದ. "ಅಯ್ಯೋ, ತಾತ ಹೇಳೋದೇ ಸರಿ!" ಆಡಳಿತಾಧಿಕಾರಿಣಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆದರೂ ದಾಖಲಾದ ಪ್ರಕರಣ. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಬಂಧನ ಬರೆಯಲಾಯಿತು.

"ಜೀಪಲ್ಲಿ ಮುಂದಿನ ಸೀಟೇ ಕೊಡಪ್ಪ," ಎಂದ ತಾತ. "ಜೀವಮಾನವೆಲ್ಲ ಗಾಡಿ ಹಿಂದೆಯೇ ನಿಂತಿದ್ದೀನಿ."

ಜಾಮೀನಿಗೆ ಯೋಜಕನೇ ಸಹಿ ಹಾಕಿದ. ಮರುದಿನ ತಿದ್ದಿದ ನಕ್ಷೆಗೆ ಒಪ್ಪಿಗೆ ಸಿಕ್ಕಿತು. ಊಟದ ಗಾಡಿಗೆ ಬೇರೆ ಲಿಫ್ಟು ಮೀಸಲಾಯಿತು.

ತಾತನ ಹೇಳಿಕೆಯ ಕೊನೆಯ ಸಾಲುಗಳು ಇಷ್ಟು: ಅವನ ಹೆಂಡತಿ ಮಕ್ಕಳ ವಾರ್ಡಿಗೆ ಊಟ ಒಯ್ಯುವ ಆಯಾ ಆಗಿದ್ದಳು. ಹಳದಿ ಚೀಲದ ಗಾಡಿ ಹೋಗುವವರೆಗೆ ಪ್ರತಿದಿನ ದೂರ ನಿಂತು ಕಾಯುತ್ತಿದ್ದಳು, ಊಟ ಆರುತ್ತಿತ್ತು. ಎರಡು ತಿಂಗಳ ಹಿಂದೆ ಕಣ್ಣು ಮುಚ್ಚುವಾಗಲೂ, "ಮಕ್ಕಳಿಗೆ ಬಿಸಿಯಾಗಿ ಸಿಗೋ ಹಾಗೆ ಮಾಡ್ರಿ," ಎಂದಿದ್ದಳು.

ದಯಾಮಯನೇ, ಆ ತಾಯಿ ನಿನ್ನ ಮಡಿಲಲ್ಲಿ ನೆಮ್ಮದಿಯಾಗಿ ಮಲಗಲಿ.