ನಾಲ್ಕನೇ ಗುಂಡಿ

ಶುಕ್ರವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ಮೂಡಲಗಿ ಠಾಣೆಗೆ ಬಂದ ದಾಕ್ಷಾಯಿಣಿ ಕೂರಲಿಲ್ಲ, ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಮೊಬೈಲನ್ನು ಪಿಎಸ್‌ಐ ಶೈಲಾ ಅವರ ಮೇಜಿನ ಮೇಲಿಟ್ಟಳು. ಅದರಲ್ಲಿ ಒಂದೇ ಸಾಲಿನ ಸಂದೇಶವಿತ್ತು: ಯಂತ್ರ 17, ಮುಚ್ಚಳ ತೆರೆದದ್ದು 1.12, ಮುಚ್ಚಿದ್ದು 1.34.

"ಮಿಷಿನ್ ಕದ್ದಾರೇನ್ರಿ?"

"ಕದ್ದಿದ್ರ ಛಲೋ ಇತ್ರಿ ಮೇಡಂ. ಬಿಚ್ಚಿ, ಮತ್ತ ಮೊದಲಿನಂಗ ಮುಚ್ಚಿಟ್ಟಾರ."

ದಾಕ್ಷಾಯಿಣಿಯದು ಗೋಕಾಕದಲ್ಲಿ ಹನ್ನೊಂದು ಮಂದಿಯ ಕಂಪನಿ. ಹಾಲಿನ ಸಂಘ, ನೀರು ಬಳಕೆದಾರರ ಸಂಘಗಳ ಚುನಾವಣೆಗೆ ಮತಯಂತ್ರ ಮಾಡಿಕೊಡುತ್ತಿದ್ದಳು. ಆ ದಿನ ಮಧ್ಯಾಹ್ನ ಹುಕ್ಕೇರಿಯ ಸಂಘವೊಂದಕ್ಕೆ ಯಂತ್ರ ತೋರಿಸಿ, 'ಇದನ್ನ ಯಾರೂ ಮುಟ್ಟಾಕಾಗೂದಿಲ್ಲ' ಎಂದು ಹೇಳುತ್ತಿದ್ದಾಗಲೇ ಜೇಬಿನ ಮೊಬೈಲು ಕುಂಯ್ ಎಂದಿತ್ತು. ರವಿವಾರ ಕಲ್ಲೋಳಿಯ ಹಾಲಿನ ಸಂಘದ ಚುನಾವಣೆ. ಅಷ್ಟರೊಳಗೆ ಯಂತ್ರಕ್ಕೆ ಕೈ ಹಾಕಿದವರು ಯಾರು, ಯಾಕೆ ಎಂಬುದು ತಿಳಿಯದಿದ್ದರೆ ಕಲ್ಲೋಳಿಯವರು ಚೀಟಿಗೆ ಮರಳುತ್ತಾರೆ. ಅವರನ್ನು ನೋಡಿ ಉಳಿದ ಊರುಗಳೂ. ಆಮೇಲೆ ಕಂಪನಿಗೆ ಬೀಗ ಹಾಕುವುದೊಂದೇ ಕೆಲಸ.

ಎಫ್‌ಐಆರ್ ದಾಖಲಿಸಿ, ನಾಲ್ಕೂ ಇಪ್ಪತ್ತಕ್ಕೆ ಶೈಲಾ ಮತ್ತು ಹೆಡ್ ಕಾನ್‌ಸ್ಟೆಬಲ್ ಸಿದ್ರಾಯ ದಾಕ್ಷಾಯಿಣಿಯನ್ನು ಕರೆದುಕೊಂಡು ಕಲ್ಲೋಳಿಗೆ ಬಂದರು. ಯಂತ್ರವಿಟ್ಟ ಕೋಣೆಗೆ ಮೂರು ಬೀಗಗಳಿದ್ದವು, ಒಂದೊಂದು ಕೀಲಿ ಒಂದೊಂದು ಕಡೆಯವರಿಗೆ ಎಂಬ ಕರಾರಿನ ಮೇಲೆ. ಮೂರೂ ಕೀಲಿಗಳು ಹೊರಗೆ ಹಾಲು ಅಳೆಯುವ ಮೇಜಿನ ಹಿಂದೆ ಒಂದೇ ಮೊಳೆಗೆ ತೂಗುತ್ತಿದ್ದವು.

"ಮೂರೂ ಒಂದ ಮೊಳಿಗೆ?" ಶೈಲಾ ಕೇಳಿದರು.

"ಒಬ್ಬಾಂವ ಬೀಗರ ಊರಿಗೆ ಹೋದ್ರ ಬಾಗ್ಲಾ ಒಡೀಬೇಕಾಕ್ಕೇತ್ರಿ," ಎಂದ ಸಂಘದ ಕಾರ್ಯದರ್ಶಿ ದುಂಡೇಶ. "ಅದಕ್ಕ ಎಲ್ಲಾರೂ ಒಪ್ಪಿ ಇಲ್ಲೇ ಹಾಕೇವಿ."

"ಇದು ಯಾರ್ಯಾರಿಗೆ ಗೊತ್ತೈತಿ?"

"ಹಾಲ ಹಾಕಾವ್ರಿಗೆ ಅಷ್ಟರಿ."

ಹಾಲು ಹಾಕುವವರು ಆರುನೂರ ಹನ್ನೆರಡು ಮಂದಿ. ಅದನ್ನೂ ಪಂಚನಾಮೆಯಲ್ಲಿ ಬರೆದುಕೊಂಡರು.

ಗುರುವಾರ ನಾಲ್ಕೂ ಅಭ್ಯರ್ಥಿಗಳ ಮುಂದೆ ಯಂತ್ರಕ್ಕೆ ದಾರ ಕಟ್ಟಿ, ಸಹಿ ಮಾಡಿದ ಕಾಗದ ಅಂಟಿಸಿದ್ದರು. ಸಹಿಗಳು ಈಗಲೂ ಹಾಗೇ ಇದ್ದವು. ಸಿದ್ರಾಯ ಕಾಗದದ ಅಂಚು ಮೂಸಿದ, ಬೆರಳಾಡಿಸಿದ, ಬೆರಳನ್ನು ನಾಲಿಗೆಗೆ ಹಚ್ಚಿದ.

"ಸಿದ್ರಾಯ, ಸಾಕ್ಷಿ ತಿನಬ್ಯಾಡ್ರಿ."

"ಅಂಗಡಿ ಗೋಂದ ಅಲ್ರಿ ಮೇಡಂ, ಹುಣಚಿಬೀಜದ ಗಂಜಿ ಇದು. ಕಂಬಳಿ ನೂಲಿಗೆ ನಮ್ಮವ್ವ ಹಚ್ತಿದ್ಲು. ಈ ಗಂಟ ನೋಡ್ರಿ, ತುದೀನ ಇಲ್ಲ. ಮಗ್ಗದಾಗ ಹರದ ಎಳಿ ಕೂಡ್ಸೂ ಗಂಟಿದು. ಕಂಬಳಿ ನೇಯೂ ಮನಿಯವರ ಕೈ."

ಗುರುವಾರ ತೆಗೆದ ಫೋಟೊದಲ್ಲಿ ಗಂಟು ಕಡಲೆಕಾಯಿಯಷ್ಟು ದಪ್ಪಗಿತ್ತು, ಎರಡು ಬಾಲಗಳೂ ಇದ್ದವು.

ಶೈಲಾ ದಾಕ್ಷಾಯಿಣಿಯತ್ತ ತಿರುಗಿದರು. "ಇಪ್ಪತ್ತೆರಡು ಮಿನಿಟದಾಗ ಇದನ್ನ ಬಿಚ್ಚಿ ಕೂಡ್ಸಾವ್ರು ಯಾರದಾರ?"

"ನಮ್ಮ ಎಂಜಿನಿಯರಗ ಒಂದ ತಾಸ ಬೇಕ್ರಿ. ಇಪ್ಪತ್ತೆರಡ ಮಿನಿಟದಾಗ ಅಂದ್ರ..." ದಾಕ್ಷಾಯಿಣಿ ಬಗ್ಗಿ ಆ ಗಂಟನ್ನು ಇನ್ನೊಮ್ಮೆ ನೋಡಿದಳು. "ಪರಸಪ್ಪ ಕಾಕಾ. ನಮ್ಮ ಮಿಷಿನ್ ಎಲ್ಲಾ ಕೂಡ್ಸಾವ್ರು ಅವ್ರ. ಅವ್ರ ಮನ್ಯಾಗ ಮಗ್ಗ ಐತ್ರಿ."

ಶನಿವಾರ ಬೆಳಿಗ್ಗೆ ಏಳೂ ಕಾಲಿಗೆ ಜೀಪು ಅಂಕಲಗಿಯಲ್ಲಿ ಪರಸಪ್ಪನ ಮನೆಯ ಮುಂದೆ ನಿಂತಿತು. ಅಂಗಳದಲ್ಲಿ ಅವನ ಹೆಂಡತಿ ಫಕೀರವ್ವ ಉಣ್ಣೆಯ ನೂಲಿಗೆ ಗಂಜಿ ಸವರುತ್ತಿದ್ದಳು. ಕಟ್ಟೆಯ ಮೇಲೆ ಪರಸಪ್ಪ ಸ್ನಾನ ಮುಗಿಸಿ, ಒಗೆದ ಧೋತರ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ನಿನ್ನೀನ ಬರ್ತೀರಿ ಅನ್ಕೊಂಡಿದ್ನಿ, ಬಾಯಾರ."

ಫಕೀರವ್ವ ತಲೆ ಎತ್ತಲಿಲ್ಲ. "ಇಪ್ಪತ್ತೆರಡ ಮಿನಿಟ ಹಿಡೀತಂತ ಇವಂಗ! ಮೊದಲಾಗಿದ್ರ ಹತ್ತ ಮಿನಿಟದಾಗ ಮುಗಿಸಿ ಚಾ ಕುಡದ ಬರ್ತಿದ್ದ."

ಠಾಣೆಯಲ್ಲಿ ವಿಚಾರಣೆ ಒಂಬತ್ತೂ ನಲವತ್ತಕ್ಕೆ ಶುರುವಾಯಿತು.

"ಯಾರ ಹೇಳಿ ಮಾಡ್ಸಿದ್ರು?"

"ಯಾರೂ ಇಲ್ರಿ. ಗುರುವಾರ ನನ್ನ ಮುಂದನ ಒಂದೊಂದ ಗುಂಡಿ ಒತ್ತಿ ನೋಡಿದ್ರಲ್ಲ, ನಾಲ್ಕನೇದು ತುಸು ತಡಾ ಮಾಡಿ ಕುಂಯ್ ಅಂತ್ರಿ. ಯಾರಿಗೂ ಕೇಳಲಿಲ್ಲ. ನಾ ಮೂವತ್ತ ವರ್ಷ ರೇಡಿಯೋ ರಿಪೇರಿ ಮಾಡಿದಾಂವ, ನನಗ ಕೇಳ್ತು. ಗುಂಡಿ ವಾಯರಿನ ಸೋಲ್ಡರ್ ಸಡ್ಲ ಇತ್ರಿ. ಹತ್ತ ಸಲ ಒತ್ತಿದ್ರ ಒಂದ ಓಟ ಹೋಗಬಹುದಿತ್ತು."

ನಾಲ್ಕನೆಯ ಗುಂಡಿ ಕೆಂಚವ್ವನದು. ಹತ್ತು ವರ್ಷದಿಂದ ಅಧ್ಯಕ್ಷರಾಗಿದ್ದವರೆದುರು ಮೊದಲ ಸಲ ನಿಂತವಳು, ಎರಡು ಎಮ್ಮೆಯ ಒಡತಿ.

"ಕೆಂಚವ್ವ ನಿಮಗ ಏನಾಗಬೇಕು?"

"ಏನೂ ಆಗಬೇಕಾಗಿಲ್ರಿ. ಗುಂಡಿ ನಂದು."

"ಅಲ್ಲೇ, ಎಲ್ಲಾರ ಮುಂದ ಯಾಕ ಹೇಳಲಿಲ್ಲ?"

ಪರಸಪ್ಪ ಕನ್ನಡಕ ತೆಗೆದು ಒರೆಸಿದ. ಬಲಗಣ್ಣಿನ ನಡುವೆ ಬಿಳಿ ಪೊರೆ ಕಂಡಿತು. "ನೂರಾ ನಲವತ್ತ ಮಿಷಿನ್ ಮಾಡೇನ್ರಿ, ಒಂದೂ ವಾಪಸ್ ಬಂದಿಲ್ಲ. ಕಣ್ಣ ಹೋಗ್ಯಾವಂತ ತಿಳದ್ರ ದಾಕ್ಷಾಯಿಣಿ ಅಕ್ಕಾರ ಬೈಯೂದಿಲ್ರಿ. ಒಂದ ಖುರ್ಚಿ ಕೊಟ್ಟ ಗೇಟಿನ್ಯಾಗ ಕೂಡಸ್ತಾರ, ಮ್ಯಾಲ ಪಗಾರನೂ ಕೊಡ್ತಾರ. ಅದಕ್ಕ ಅಂಜೀನ್ರಿ."

ಗೋಡೆಗೆ ಒರಗಿ ನಿಂತಿದ್ದ ದಾಕ್ಷಾಯಿಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಪಂಚರ ಮುಂದೆ ಎಂಜಿನಿಯರು ನಾಲ್ಕನೇ ಗುಂಡಿಯನ್ನು ಸಾವಿರ ಸಲ ಒತ್ತಿದ. ಎಣಿಕೆ ಸಾವಿರವೇ ಬಂತು. ಆದರೂ ಒಮ್ಮೆ ತೆರೆದ ಯಂತ್ರ ಮತದಾನಕ್ಕೆ ಸಲ್ಲದು. ಅದನ್ನು ಜಪ್ತಿ ಮಾಡಿ, ರವಿವಾರಕ್ಕೆ ಬೇರೆ ಯಂತ್ರ ಕಳಿಸುವುದಾಯಿತು. ದಾಕ್ಷಾಯಿಣಿ ನಾಲ್ಕೂ ಅಭ್ಯರ್ಥಿಗಳಿಗೆ ಫೋನು ಮಾಡಿ, ಸಡಿಲ ಬೆಸುಗೆಯನ್ನೂ ಮುಚ್ಚಿಡದೆ ಹೇಳಿದಳು. ಮೂವರು ಯೋಚಿಸಿದರು. ಕೆಂಚವ್ವ ಯೋಚಿಸಲಿಲ್ಲ: "ಬಿಚ್ಚಿದ್ದನ್ನ ತಾನ ಹೇಳೂ ಮಿಷಿನ್ ಬ್ಯಾಡಂತ, ಬಾಯಿಲ್ಲದ ಚೀಟಿ ಪೆಟಿಗಿ ತರಸ್ತೀರೇನ?" ಕಲ್ಲೋಳಿಯಲ್ಲಿ ಚೀಟಿ ಬರಲಿಲ್ಲ, ಯಂತ್ರದ ಮತದಾನವೇ ಉಳಿಯಿತು.

ಹನ್ನೊಂದೂವರೆಗೆ ಪರಸಪ್ಪನ ದಸ್ತಗಿರಿಯಾಯಿತು. ಜಾಮೀನಿಗೆ ಸಹಿ ಹಾಕಿದವಳು ದೂರುದಾರಳೇ. "ಕಣ್ಣಿನ ಆಪರೇಷನ್ ಆಗೂತನಾ ನಿಮ್ಮ ಟೇಬಲ್‌ಗೆ ಯಾರನ್ನೂ ಕೂಡ್ಸೂದಿಲ್ಲ ಕಾಕಾ," ಎಂದಳು.

ಕಾಗದಕ್ಕೆ ಠಸ್ಸೆ ಒತ್ತುವ ಮುಂಚೆ ಶೈಲಾ ತಡೆದರು. ಅದು ಪ್ರಕರಣಕ್ಕೆ ಬೇಕಾದ ಪ್ರಶ್ನೆಯಲ್ಲ.

"ಮುಚ್ಚಳಾ ತೆಗದ್ರ ಮೆಸೇಜ್ ಹೋಗೂ ವಾಯರ್ ಯಾವುದಂತ ನಿಮಗ ಗೊತ್ತಿತ್ತಲ್ಲ?"

"ಗೊತ್ತಿತ್ರಿ. ಕೆಂಪಂದು."

"ಅದನ್ನ ಮೊದಲ ಕಿತ್ತಿದ್ರ ನಾವು ಬರ್ತಾನ ಇರಲಿಲ್ಲ."

ಪರಸಪ್ಪ ಕನ್ನಡಕ ಏರಿಸಿಕೊಂಡ.

"ಕೀಳಾಕ ಮನಸಾಗಲಿಲ್ರಿ, ಬಾಯಾರ. ಅದರ ಸೋಲ್ಡರ್ ಭಾಳ ಚಂದ ಕುಂತಿತ್ತು."