ಘಟಕಪಟ್ಟಿಯ ಐದನೆಯ ಸಾಲು

ಗಂಜಿಯ ವಾಸನೆ ಮೊದಲು ಬಂತು. ಅನ್ನ ಬಸಿಯುವಾಗ ಹಬೆಯ ಜೊತೆ ಏಳುವ, ತುಸು ಸಿಹಿಯಾದ ವಾಸನೆ. ಅದರ ಬೆನ್ನಿಗೇ ಎಣ್ಣೆ ಸವರಿದ ಅಂಗೈಯ ವಾಸನೆ, ಅದಕ್ಕೂ ಹಿಂದೆ ಯಾವುದೋ ಕಾಳಿನ ತಂಪು ಘಮ. ನೀಲಾಂಬಿಕಾ ಕಣ್ಣು ಮುಚ್ಚಿ ಕುಳಿತಿದ್ದಳು. ಹಣೆಗೆ ಕಟ್ಟಿದ ಪಟ್ಟಿಯ ಕೆಳಗೆ ಅವಳ ಹುಬ್ಬುಗಳು ಕೂಡಿಕೊಂಡಿದ್ದವು.

"ಬಂತು, ಬಂತು... ಏ ಸಂಗು, ಹೋತು! ಹಿಂದಕ್ಕ ತಗೊ."

"ಮೂಗಪ್ಪ ತಾನ ಹುಡಕ್ತಾನ, ನೀ ಸುಮ್ನ ಕುಂದರು. ಮಾತಾಡಿದ್ರ ಅಲೆ ಅಲ್ಲಾಡ್ತೈತಿ," ಎಂದ ಸಂಗನಬಸು, ಪರದೆಯ ಮೇಲಿಂದ ಕಣ್ಣು ತೆಗೆಯದೆ.

ಮೂಗಪ್ಪ ಎಂದರೆ ಅವರಿಬ್ಬರೂ ಸೇರಿ ಕಟ್ಟಿದ ಗಂಧಶೋಧಕ. ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟು. ಆ ಕಾಲಕ್ಕೆ ವಾಸನೆಯನ್ನು ಸೆರೆಹಿಡಿದು ಕಳುಹಿಸುವ ಸಾಧನಗಳು ಹೊಸತೇನಾಗಿರಲಿಲ್ಲ. ಜನ ಮನೆಯಲ್ಲೇ ಕುಳಿತು ಮಾವಿನ ಹಣ್ಣನ್ನು ಮೂಸಿ ನೋಡಿ ತರಿಸಿಕೊಳ್ಳುತ್ತಿದ್ದರು. ಆದರೆ ಆ ಸಾಧನಗಳಿಗೆಲ್ಲ ಎದುರಿಗೆ ಒಂದು ವಸ್ತು ಬೇಕು. ವಸ್ತುವೇ ಇಲ್ಲದ, ಒಬ್ಬರ ನೆನಪಿನಲ್ಲಿ ಮಾತ್ರ ಉಳಿದ ವಾಸನೆಯನ್ನು ಮತ್ತೆ ಕಟ್ಟಿ ಕೊಡುವುದು ಗಂಧಶೋಧಕದ ಕೆಲಸ. ಅದರ ಹೊಟ್ಟೆಯಲ್ಲಿ ಬೆರಳುದ್ದದ ಇನ್ನೂರ ನಲವತ್ತು ಶೀಶೆಗಳಿದ್ದವು. ಒಂದೊಂದರಲ್ಲಿ ಒಂದೊಂದೇ ಶುದ್ಧ ಗಂಧದ್ರವ್ಯ. ಯಂತ್ರ ಅವುಗಳಿಂದ ಎಳ್ಳಷ್ಟು ಎಳ್ಳಷ್ಟು ಬೆರೆಸಿ ಮೂಗಿಗೆ ಊದುತ್ತದೆ. ನಾವು ಬಲ್ಲ ವಾಸನೆ ಬಂದಾಗ ಮಿದುಳಿನಲ್ಲಿ ಒಂದು ಸಣ್ಣ ಅಲೆ ಏಳುತ್ತದೆ, ಬಾಯಿ "ಹೌದು" ಎನ್ನುವುದಕ್ಕಿಂತ ಮೊದಲೇ. ಅದಕ್ಕೆ ಅವರು ಗುರುತಿನ ಅಲೆ ಎಂದು ಹೆಸರಿಟ್ಟಿದ್ದರು. ಅಲೆ ಏರಿದರೆ ಯಂತ್ರ ಅದೇ ದಾರಿ ಹಿಡಿಯುತ್ತದೆ, ಇಳಿದರೆ ಹಿಂದಿರುಗುತ್ತದೆ. ಕತ್ತಲೆಯ ಕೋಣೆಯಲ್ಲಿ ಗೋಡೆ ಮುಟ್ಟುತ್ತ ಬಾಗಿಲು ಹುಡುಕಿದ ಹಾಗೆ.

ಕಾಲೇಜಿನಲ್ಲಿ ಒಂದು ಪದ್ಧತಿಯಿತ್ತು. ಕೊನೆಯ ವರ್ಷದ ಪ್ರಾಜೆಕ್ಟಿನ ವಿಷಯವನ್ನು ಮೇಷ್ಟರು ಕೊಡುತ್ತಿರಲಿಲ್ಲ. "ಇದು ನನಗೆ ಯಾಕೆ ಬೇಕು" ಎಂದು ವಿದ್ಯಾರ್ಥಿಯೇ ಒಂದು ಪುಟ ಬರೆದುಕೊಡಬೇಕು. ಪಾರಿವಾಳದ ಹುಚ್ಚಿನ ಒಬ್ಬ ಹುಡುಗ ಪಾರಿವಾಳಗಳು ಬಿರುಗಾಳಿಯಲ್ಲಿ ದಾರಿ ತಪ್ಪದಂತೆ ಕಾಲುಂಗುರ ಮಾಡುತ್ತಿದ್ದ. ಇನ್ನೊಬ್ಬಳು ತನ್ನ ತೊದಲುವ ತಮ್ಮನಿಗಾಗಿ, ಮಾತು ಮುಗಿಯುವವರೆಗೂ ಸುಮ್ಮನೆ ಕಾಯುವ ಫೋನು ಮಾಡುತ್ತಿದ್ದಳು. ಸಂಗನಬಸುವಿಗೆ ಯಂತ್ರ ಯಾವುದಾದರೂ ನಡೆಯುತ್ತಿತ್ತು. ಬಿಚ್ಚಲು, ಜೋಡಿಸಲು ಸಿಕ್ಕರೆ ಸಾಕು. ನೀಲಾಂಬಿಕಾ ಕೊಟ್ಟ ಪುಟದಲ್ಲಿ ಒಂದೇ ವಾಕ್ಯವಿತ್ತು: "ನನಗೆ ನನ್ನ ಅವ್ವನ ಮುಖ ನೆನಪಿಲ್ಲ, ವಾಸನೆ ನೆನಪಿದೆ."

ಮಾರ್ಗದರ್ಶಕರಾದ ಸಬೀಹಾ ನದಾಫ್ ಮೇಡಂ ಅದರ ಕೆಳಗೆ ಕೆಂಪು ಶಾಯಿಯಲ್ಲಿ "ಅಳತೆಗೆ ಸಿಗುವಂತೆ ಬರೆ" ಎಂದು ಬರೆದಿದ್ದರು. ಅದಕ್ಕೂ ಕೆಳಗೆ ಪೆನ್ಸಿಲಿನಲ್ಲಿ, ಬೇಕಾದರೆ ಅಳಿಸಿಬಿಡಬಹುದು ಎಂಬಂತೆ: "ನಮ್ಮ ಅಪ್ಪ ಹತ್ತಿ ಹಿಂಜುತ್ತಿದ್ದರು. ಹೊಸ ಗಾದಿ ಕಂಡಲ್ಲಿ ನಾನು ಈಗಲೂ ಮೂಗು ಇಟ್ಟು ನೋಡುತ್ತೇನೆ." ನೀಲಾಂಬಿಕಾ ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು.

ಅವಳ ಅವ್ವ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುತ್ತಿದ್ದಳು. ಫೋಟೋಗಳೇನೋ ಇದ್ದವು, ಆದರೆ ಫೋಟೋದ ಮುಖ ಎಂದರೆ ಪಾಠ ಕಲಿತಂತೆ ಕಲಿತದ್ದು, ನೆನಪಲ್ಲ. ನೆನಪು ಎಂದರೆ ಒಂದೇ. ಯಾರದೋ ತೊಡೆಯ ಮೇಲೆ ತನ್ನ ತಲೆ. ಕಣ್ಣಿನ ಮೇಲೆ ಬೆಚ್ಚನೆಯ ಅಂಗೈ. ಕತ್ತಲೆ. ಆ ವಾಸನೆ. ಪರೀಕ್ಷೆ ಕೆಟ್ಟಾಗ, ಜ್ವರ ಬಂದಾಗ, ಬಸ್ಸಿನಲ್ಲಿ ಪಕ್ಕದ ಸೀಟಿನ ತಾಯಿ ಮಗಳ ಜಡೆ ಸರಿಪಡಿಸಿದಾಗ ನೀಲಾಂಬಿಕಾ ಕಣ್ಣು ಮುಚ್ಚಿ ಅಲ್ಲಿಗೆ ಹೋಗುತ್ತಿದ್ದಳು. ಗಂಜಿ ಅಂತೂ ಇದ್ದೇ ಇತ್ತು, ಮಗ್ಗಕ್ಕೆ ಏರಿಸುವ ಹಾಸಿನ ನೂಲಿಗೆ ಗಂಜಿ ಹಾಕುತ್ತಾರಲ್ಲ. ಉಳಿದದ್ದು ರೇಷ್ಮೆ, ಬಣ್ಣ, ಮಗ್ಗದ ಎಣ್ಣೆ ಇರಬೇಕು ಎಂದು ಅವಳು ಮೊದಲೇ ಲೆಕ್ಕ ಹಾಕಿಕೊಂಡಿದ್ದಳು.

ಆ ಮಧ್ಯಾಹ್ನ ಅಲೆ ಏರಿತು. ನೂರಕ್ಕೆ ತೊಂಬತ್ತು, ತೊಂಬತ್ಮೂರು, ತೊಂಬತ್ತೇಳು. ನೀಲಾಂಬಿಕಾಳ ಕೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಏನನ್ನೋ ಹಿಡಿಯಹೋಗಿ ಮಡಿಲಿಗೆ ಬಿತ್ತು. ಮುಚ್ಚಿದ ಕಣ್ಣುಗಳಿಂದ ನೀರು ಇಳಿಯತೊಡಗಿತು. ಸಂಗನಬಸು ಎದ್ದು ಫ್ಯಾನು ಆರಿಸಿದ, ಆ ವಾಸನೆ ಇನ್ನಷ್ಟು ಹೊತ್ತು ನಿಲ್ಲಲಿ ಎಂದು.

ಯಂತ್ರ ಘಟಕಪಟ್ಟಿಯನ್ನು ಅಚ್ಚು ಮಾಡಿ ಹೊರಹಾಕಿತು. ಗಂಧದ್ರವ್ಯಗಳ ಹೆಸರಿನ ಪಕ್ಕದಲ್ಲಿ, ಅವು ಯಾವ ಯಾವ ಪದಾರ್ಥದಿಂದ ಬಂದಿರಬಹುದು ಎಂದೂ ಅದು ಹೇಳುತ್ತಿತ್ತು. ಸಂಗನಬಸು ಜೋರಾಗಿ ಓದಿದ: "ಅನ್ನದ ಗಂಜಿ. ಔಡಲೆಣ್ಣೆ. ನೆನೆದ ಕೊತ್ತಂಬರಿ ಬೀಜ. ಹುರಿದ ಗುರೆಳ್ಳು." ಐದನೆಯ ಸಾಲಿಗೆ ಬಂದಾಗ ಅವನ ದನಿ ಇಳಿಯಿತು. "ಫಿನಾಯಿಲ್."

"ಏನಂದಿ?"

"ಫಿನಾಯಿಲ್. ನೆಲ ಒರಸ್ತಾರಲ್ಲ, ಅದು."

"ರೇಷ್ಮಿ?"

"ಇಲ್ಲ."

"ಬಣ್ಣ? ಮಗ್ಗದ ಎಣ್ಣಿ?"

ಅವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಸಮಾಧಾನ ಹೇಳುವವನಂತೆ, "ಮೂಗಪ್ಪಗ ನೆಗಡಿ ಆಗೇತಿ," ಎಂದ. "ಆ ಸಾಲು ತೆಗದು ಬರಿ. ಯಾರು ನೋಡ್ತಾರ? ಉಳಿದ ಪಟ್ಟಿ ಚಂದ ಐತಿ."

ಅವಳು ಆ ಸಾಲನ್ನು ತೆಗೆದೇ ನೋಡಿದಳು. ಫಿನಾಯಿಲಿನ ಶೀಶೆಗಳನ್ನು ಮುಚ್ಚಿಸಿ ಮತ್ತೆ ಹಣೆಪಟ್ಟಿ ಕಟ್ಟಿಕೊಂಡಳು. ಅಲೆ ತೊಂಬತ್ತೇಳರಿಂದ ನಲವತ್ತಕ್ಕೆ ಕುಸಿಯಿತು. ರೇಷ್ಮೆ ಬೆರೆಸಿದಳು, ಮೂವತ್ತೊಂದಾಯಿತು. ಮಗ್ಗದ ಎಣ್ಣೆ ಹಾಕಿದಾಗ ಮೂಗಿನ ಮುಂದೆ ಒಳ್ಳೆಯ ವಾಸನೆಯೊಂದು ಸುಳಿದುಹೋಯಿತು, ಪರಿಚಯವಿಲ್ಲದ ಮನೆಯ ಬಾಗಿಲು ದಾಟಿದ ಹಾಗೆ. ಅಲ್ಲಿ ಯಾರೂ ಇರಲಿಲ್ಲ. ಫಿನಾಯಿಲನ್ನು ಮತ್ತೆ ಸೇರಿಸಿದ ತಕ್ಷಣ ಆ ಅಂಗೈ ಕಣ್ಣಿನ ಮೇಲೆ ಬಂದು ಕುಳಿತಿತು.

ನದಾಫ್ ಮೇಡಂ ಬಂದರು, ಪಟ್ಟಿಯನ್ನು ಎರಡು ಸಲ ಓದಿದರು. ಹಾಳೆಯನ್ನು ಬೋರಲು ಹಾಕಿ, ಸಂಗನಬಸುವನ್ನು ಚಹಾ ತರಲು ಕಳುಹಿಸಿದರು.

"ಇದನ್ನ ಕೇಳಾಕ ನಿನಗ ಮನ್ಯಾಗ ಯಾರದಾರ?"

"ಅಪ್ಪ ಅದಾನ್ರಿ."

"ಕೇಳು. ನಾ ಹೊರಗ ಇರ್ತೀನಿ."

ಅಪ್ಪ ಫೋನು ಎತ್ತಿದಾಗ ಹಿಂದೆ ಮಗ್ಗದ ಸದ್ದಿತ್ತು. ನೀಲಾಂಬಿಕಾ ಸುತ್ತುಬಳಸಿಯೇ ಕೇಳಿದಳು. "ಅಪ್ಪಾ, ಅವ್ವ ನನ್ನ ಕಣ್ಣ ಮ್ಯಾಲೆ ಕೈ ಇಟ್ಟು ಮಲಗಸ್ತಿದ್ದಳಲ್ಲ, ಅವಾಗ ಮನ್ಯಾಗ ಫಿನಾಯಿಲ್ ತರ್ತಿದ್ವೇನು?"

"ಫಿನಾಯಿಲ್ ಎಲ್ಲಿಂದ ಬರಬೇಕವ್ವ? ಸಗಣಿ ನೆಲ ನಮ್ದು."

"ಮತ್ತ..."

ಮಗ್ಗ ನಿಂತಿತು. ಅಪ್ಪನೇ ನಿಲ್ಲಿಸಿರಬೇಕು.

"ನೀಲವ್ವ, ನಿಮ್ಮವ್ವ ತೀರಿಕೊಂಡಾಗ ನಿನಗ ಎರಡು ತುಂಬಿರಲಿಲ್ಲ. ಆರನೇ ವರ್ಷಕ್ಕ ನಿನ್ನ ಆಶ್ರಮ ಶಾಲಿಗೆ ಬಿಟ್ಟೆ. ಆ ವರ್ಷ ಅಲ್ಲಿ ಹುಡುಗ್ಯಾರಿಗೆಲ್ಲ ಕಣ್ಣು ಬಂದಿದ್ವು. ನಾ ನೋಡಾಕ ಬಂದಾಗ ನಿನ್ನ ಕಣ್ಣು ಪಿಚ್ಚು ಕಟ್ಟಿ ಅಂಟಿಕೊಂಡಿದ್ವು. ಅಡಿಗಿ ಮಾಡಿ ನೆಲಾ ಒರಸೋ ಫಕೀರವ್ವ ನಿನ್ನ ತೊಡಿ ಮ್ಯಾಲೆ ಹಾಕ್ಕೊಂಡು ಕೊತ್ತಂಬರಿ ನೀರಿಲೆ ಕಣ್ಣು ತೊಳದು ಔಡಲೆಣ್ಣಿ ಹಚ್ಚತಿದ್ದಳು. ಆಕಿ ಎದ್ದು ಹೋದ ಮ್ಯಾಲೆ ನೀ ನನಗಂದಿ, 'ಅಪ್ಪಾ, ಅವ್ವ ಬಂದಿದ್ದಳು.'"

"ನೀ ಏನಂದಿ?"

"ಹೌದವ್ವ ಅಂದೆ."

"ಅಲ್ಲ ಅನ್ನಬೇಕಿಲ್ಲೇನು ಅಪ್ಪಾ!"

"ಹೆಂಗ ಅನ್ನಲಿ?" ಎಂದ ಅಪ್ಪ. "ನೀ ಹೇಳು, ಹೆಂಗ ಅನ್ನಲಿ?"

"ಹಂಗಾದ್ರ ಅವ್ವಂದು ನನ್ನ ಹತ್ರ ಏನೂ ಇಲ್ಲ," ಎಂದಳು. ಅದು ಪ್ರಶ್ನೆಯೂ ಆಗಿರಲಿಲ್ಲ, ದೂರೂ ಆಗಿರಲಿಲ್ಲ. ಅಪ್ಪ ಫೋನು ಇಡಲಿಲ್ಲ. ಅವಳೂ ಇಡಲಿಲ್ಲ. ಇಬ್ಬರೂ ಹಾಗೆಯೇ ಒಬ್ಬರ ಉಸಿರನ್ನು ಒಬ್ಬರು ಕೇಳುತ್ತ ಇದ್ದರು.

ಎರಡು ವಾರದ ಮೇಲೆ ಮೌಖಿಕ ಪರೀಕ್ಷೆ. ಬೇರೆ ಊರಿನಿಂದ ಬಂದ ಪರೀಕ್ಷಕರು ತಲೆ ಪೂರ್ತಿ ನೆರೆತ, ನಿಧಾನ ಮಾತಿನ ಮನುಷ್ಯ. ಮರುಸೃಷ್ಟಿಸಿದ ವಾಸನೆಯ ಶೀಶೆಯನ್ನು ತೆರೆದು ಮೂಸಿದರು. "ಆಸ್ಪತ್ರೆಯ ವರಾಂಡದಲ್ಲಿ ಕೂತು ಯಾರೋ ಅನ್ನ ಬಸಿದ ಹಾಗಿದೆ," ಎಂದರು. ಬೇರೆ ಯಾರೇ ಆದರೂ ಹಾಗೆಯೇ ಹೇಳುತ್ತಿದ್ದರು. ಆ ವಾಸನೆಗೆ ಬೆಲೆ ಇದ್ದದ್ದು ಜಗತ್ತಿನಲ್ಲಿ ಒಂದೇ ಮೂಗಿಗೆ.

"ನಿಮ್ಮ ಗುರಿ ತಾಯಿಯ ಗಂಧವನ್ನು ಕಟ್ಟುವುದು ಎಂದು ಬರೆದಿದ್ದೀರಿ. ಕೊನೆಯ ಪುಟದಲ್ಲಿ ಅದು ತಾಯಿಯದಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಪ್ರಯೋಗ ಸೋತಿತೆ?"

ಸಂಗನಬಸು ಅವಳ ಕಡೆ ನೋಡಿದ. ನದಾಫ್ ಮೇಡಂ ನೀರಿನ ಲೋಟವನ್ನು ಅವಳತ್ತ ಒಂದು ಗೇಣು ಸರಿಸಿದರು.

"ಇಲ್ಲ ಸರ್, ಯಂತ್ರ ಸರಿಯಾಗಿದೆ," ಎಂದಳು ನೀಲಾಂಬಿಕಾ. "ನಾನು ಯಾರನ್ನು ಬಯಸುತ್ತೇನೆ ಎಂದು ಅದಕ್ಕೆ ಗೊತ್ತಿಲ್ಲ. ನನ್ನ ಹತ್ತಿರ ಯಾರು ಕುಳಿತಿದ್ದರು ಎಂಬುದಷ್ಟೇ ಅದಕ್ಕೆ ಗೊತ್ತು."

ಪರೀಕ್ಷಕರು ಶೀಶೆಯ ಮುಚ್ಚಳವನ್ನು ತಾವೇ ಬಿಗಿಯಾಗಿ ತಿರುಗಿಸಿ, ಎರಡೂ ಕೈಯಿಂದ ಅವಳಿಗೆ ಹಿಂದಿರುಗಿಸಿದರು.

ಆ ಶೀಶೆಯೊಂದಿಗೆ ಮರುದಿನ ಬೆಳಿಗ್ಗೆ ಅವಳು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಫಕೀರವ್ವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಇಷ್ಟು ವರ್ಷ ನಿಮ್ಮ ಕೈಯನ್ನು ಇನ್ನೊಬ್ಬರ ಕೈ ಅಂದುಕೊಂಡಿದ್ದೆ, ಕ್ಷಮಿಸಬೇಕು, ಇದೋ ನಿಮ್ಮದನ್ನು ನಿಮಗೆ ತಂದಿದ್ದೇನೆ. ಹೀಗೆ ಏನೋ.

ಆಶ್ರಮ ಶಾಲೆಯಲ್ಲಿ ಈಗ ಅಡುಗೆ ಮಾಡುವುದು ಯಂತ್ರ. ಗಾಜಿನ ಗೋಡೆಯ ಹಿಂದೆ ಉಕ್ಕಿನ ತೋಳುಗಳು ಅನ್ನ ಬಸಿಯುತ್ತಿದ್ದವು. ಹೊರಗಿನ ಮೆಟ್ಟಿಲ ಮೇಲೆ, ಪಕ್ಕದಲ್ಲಿ ಒರೆಸುವ ಬಟ್ಟೆ, ಫಿನಾಯಿಲಿನ ಬಕೀಟು ಇಟ್ಟುಕೊಂಡು, ಗುರೆಳ್ಳು ಹಸನು ಮಾಡುತ್ತ ಒಬ್ಬ ಮುದುಕಿ ಕುಳಿತಿದ್ದಳು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಫಕೀರವ್ವ ಅಡುಗೆಮನೆಯ ಪಕ್ಕದ ಖೋಲಿ ಬಿಟ್ಟಿರಲಿಲ್ಲ. ನೆಲ ಒರೆಸುವುದನ್ನೂ ಬಿಟ್ಟಿರಲಿಲ್ಲ.

"ಇನ್ಸ್‌ಪೆಕ್ಷನ್ನಿಗೆ ಬಂದೀಯೇನವ್ವ? ಸಾಹೇಬ್ರು ಒಳಗದಾರ."

"ಅಲ್ಲಬೇ. ನಾ ಇಲ್ಲೇ ಓದಿದಾಕಿ. ನೀಲಾ. ಕಣ್ಣು ಬಂದಿದ್ವಲ್ಲ, ಆ ವರ್ಷ..."

"ಯಾವ ವರ್ಷ ಬಂದಿಲ್ಲ ಹೇಳು!" ಫಕೀರವ್ವ ನಕ್ಕಳು. ಮುಂದಿನ ಹಲ್ಲು ಎರಡು ಇರಲಿಲ್ಲ. "ಒಬ್ಬರಿಗೆ ಬಂದ್ರ ಎಲ್ಲಾರಿಗೂ. ಸಾಲಾಗಿ ಮಲಗ್ಸಿ ತೊಳಿಯೋದು. ಯಾರು ನೀಲಾ, ಯಾರು ಕೆಂಪಾ, ನನಗೆಲ್ಲಿ ನೆನಪು ಉಳೀತಾವ? ಅಳೋದು ಎಲ್ಲಾರದೂ ಒಂದ ಥರ."

ನೀಲಾಂಬಿಕಾ ಜೋಡಿಸಿ ತಂದ ಮಾತುಗಳೆಲ್ಲ ಎಲ್ಲಿಗೋ ಹೋದವು. ಅವಳು ಮೆಟ್ಟಿಲ ಮೇಲೆ ಕುಳಿತು, ಶೀಶೆಯ ಮುಚ್ಚಳ ತೆಗೆದು ಮುದುಕಿಯ ಮೂಗಿನ ಹತ್ತಿರ ಹಿಡಿದಳು. "ಇದು ನಿಂದು. ಮೂಸಿ ನೋಡಬೇ."

ಫಕೀರವ್ವ ಮೂಸಿದಳು. ಇನ್ನೊಮ್ಮೆ ಮೂಸಿದಳು. ಶೀಶೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದಳು.

"ಏನೈತವ್ವ ಇದರಾಗ? ನೀರೇನು? ವಾಸನಿನ ಇಲ್ಲ."

ನೀಲಾಂಬಿಕಾಳಿಗೆ ಆಗ ನೆನಪಾಯಿತು. ಎರಡನೆಯ ವರ್ಷದ ಪಾಠದಲ್ಲಿ ಅವಳೇ ಅಡಿಗೆರೆ ಹಾಕಿಕೊಂಡ ಸಾಲು ಅದು: ಸದಾ ಜೊತೆಗಿರುವ ವಾಸನೆಯನ್ನು ಮೂಗು ಮಿದುಳಿಗೆ ವರದಿ ಮಾಡುವುದಿಲ್ಲ. ಇಡೀ ವರ್ಷ ಯಂತ್ರ ಕಟ್ಟಿದರೂ ಆ ಸಾಲು ಹೊಳೆದಿರಲಿಲ್ಲ. ಸಾವಿರ ಹುಡುಗಿಯರು ತಮ್ಮೊಂದಿಗೆ ಊರೂರಿಗೆ ಹೊತ್ತುಹೋಗಿರಬಹುದಾದ ಈ ವಾಸನೆ, ಅದು ಯಾರ ವಾಸನೆಯೋ ಅವರಿಗೆ ಮಾತ್ರ ಎಂದೂ ತಲುಪದು.

"ಹೌದಬೇ, ನೀರು," ಎಂದಳು ಅವಳು, ಮುಚ್ಚಳ ಹಾಕುತ್ತ.

ಫಕೀರವ್ವ ಅವಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. "ಉಂಡಿಯೇನು?"

"ಉಂಡ ಬಂದೀನಿ."

"ಸುಳ್ಳ ಹೇಳಾಕ ಬರಂಗಿಲ್ಲ ನಿನಗ." ಗಾಜಿನ ಗೋಡೆಯ ಕಡೆ ಗದ್ದ ತೋರಿಸಿದಳು. "ಆ ಯಂತ್ರಕ್ಕ ಉಪ್ಪು ಗೊತ್ತು, ಖಾರ ಗೊತ್ತು. ಯಾರು ಹಸದಾರ ಅಂತ ಗೊತ್ತಾಗಂಗಿಲ್ಲ." ಮೊಣಕಾಲಿಗೆ ಕೈ ಊರಿ ಎದ್ದು ಖೋಲಿಯೊಳಗೆ ಹೋದಳು.

ನೀಲಾಂಬಿಕಾಳಿಗೆ ಕಣ್ಣು ಮುಚ್ಚಿಕೊಂಡು, ಆ ಅಂಗೈಯನ್ನು ಒಂದೇ ಒಂದು ಸಲ ಇಲ್ಲಿಡಬೇ ಎಂದು ಕೇಳಬೇಕೆನಿಸಿತು. ಕೇಳುವ ವಯಸ್ಸು ಮೀರಿತ್ತು. ಅಂಗಳದಲ್ಲಿ ಹುಡುಗಿಯರು ಊಟಕ್ಕೆ ಸಾಲು ನಿಲ್ಲುತ್ತಿದ್ದರು. ಅವರಲ್ಲಿ ಒಬ್ಬಳು, ತೀರ ಚಿಕ್ಕವಳು, ಕಣ್ಣು ಉಜ್ಜಿಕೊಳ್ಳುತ್ತಿದ್ದಳು.

ಫಕೀರವ್ವ ಹೊರಬಂದಳು. ತಾಟಿನಲ್ಲಿ ಎರಡು ರೊಟ್ಟಿ, ಗುರೆಳ್ಳು ಚಟ್ನಿ, ಒಲೆಯಿಂದ ಈಗಷ್ಟೇ ಇಳಿಸಿದ ಬಿಸಿ ಅನ್ನ. ಅನ್ನದ ಬಿಸಿ ತಗುಲಿದ ತಾಟಿನ ಅಂಚನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತಣ್ಣಗಿನ ಅಂಚನ್ನು ನೀಲಾಂಬಿಕಾಳ ಕೈಗೆ ಕೊಟ್ಟಳು.