ಬಚ್ಚಿಟ್ಟ ಮೈನಸ್

ಮಂಗಳವಾರವೇ ಲೆಕ್ಕ ಸರಿಹೋಗಿತ್ತು. ದಿವ್ಯ ಮಾತ್ರ ಅದನ್ನು ವೀರೇಶನಿಗೆ ಹೇಳಿರಲಿಲ್ಲ.

ಇಬ್ಬರೂ ಥಿಯರೆಟಿಕಲ್ ಫಿಸಿಕ್ಸಿನವರು. ಅವರ ಭಾಷೆಯಲ್ಲಿ ಬ್ರೇನ್ ಅಂದರೆ ಮೆದುಳಲ್ಲ, ಕಣ್ಣಿಗೆ ಕಾಣದ ಆಯಾಮಗಳಲ್ಲಿ ಹರಡಿಕೊಂಡ ಪೊರೆ. ಅದರ ಲೆಕ್ಕವನ್ನು ಹಾವೇರಿ ಕಡೆಯ ವೀರೇಶ ಒಂದು ಥಿಯರಿಯಿಂದ ಮಾಡುತ್ತಿದ್ದ. ದಿವ್ಯ ಜನರಲೈಸ್ಡ್ ಜಾಮೆಟ್ರಿ ಅನ್ನುವ ಹೊಸ ಬಗೆಯ ರೇಖಾಗಣಿತ ಹಿಡಿದು ಇನ್ನೊಂದರಿಂದ. ಮೇಲ್ನೋಟಕ್ಕೆ ಸಂಬಂಧವೇ ಇಲ್ಲದ ಎರಡು ಥಿಯರಿಗಳು ಒಳಗೊಳಗೆ ಒಂದೇ ಆಗಿದ್ದರೆ ಅದಕ್ಕೆ ಡ್ಯುಯಾಲಿಟಿ ಅನ್ನುತ್ತಾರೆ. ಅಂದಮೇಲೆ ಇಬ್ಬರ ಉತ್ತರವೂ ಒಂದೇ ಬರಬೇಕಿತ್ತು. ಹಾಳಾದ್ದು, ಅವನದು ಪ್ಲಸ್, ಇವಳದು ಮೈನಸ್!

ಆ ಮೈನಸ್ಸಿಗಾಗಿ ಜಗಳವಾಡುತ್ತಾ ಪ್ರತಿ ಶನಿವಾರ ಬೆಳಿಗ್ಗೆ ಮಲ್ಲತ್ತಹಳ್ಳಿ ಕೆರೆ ಸುತ್ತುವುದು ರೂಢಿಯಾಗಿತ್ತು. ವಾದ ಬಿಸಿಯಾದಾಗ ಅವನ ಎಡಹುಬ್ಬು ಮೇಲೇರುತ್ತಿತ್ತು. ಅದನ್ನು ಕದ್ದು ನೋಡುವ ಆಸೆಗೆ ಅವಳು ಬೇಕಂತಲೇ ಮಾತು ಬೆಳೆಸುತ್ತಿದ್ದಳು.

ಇಬ್ಬರೂ ಸೇರಿ ಬರೆಯುತ್ತಿದ್ದ ಸಂಶೋಧನೆಯ ಪೇಪರ್ ಮುಗಿದರೆ ಅವನು ಹೊಸ ಕೆಲಸಕ್ಕೆ ಪುಣೆಗೆ ಹೊರಡುವವನು. ಹೀಗಿರುವಾಗ, ಪೊರೆಯ ದಿಕ್ಕನ್ನು ತಾನು ಅವನು ಹಿಡಿದದ್ದಕ್ಕೆ ಉಲ್ಟಾ ಹಿಡಿದಿದ್ದೆ, ಮೈನಸ್ ಬಂದದ್ದು ಅದರಿಂದಲೇ, ಇಬ್ಬರ ಉತ್ತರವೂ ಸರಿ ಅಂತ ಹೇಳಲು ಅವಳಿಗೆ ಬಾಯಾದರೂ ಹೇಗೆ ಬರಬೇಕು?

ಇವತ್ತು ಶನಿವಾರ. ಕೆರೆಗೆ ಬಂದ ವೀರೇಶ ಜಗಳಕ್ಕೇ ಇಳಿಯಲಿಲ್ಲ.

“ಪೇಪರಿನಿಂದ ನನ್ನ ಹೆಸರು ತೆಗೀರಿ, ದಿವ್ಯಾ,” ಅಂದ. “ತಪ್ಪು ನನ್ನ ಲೆಕ್ಕದಾಗ ಐತಿ. ಎಲ್ಲಿ ಅಂತ ಸಿಗವಲ್ದು. ಪುಣೆಯವ್ರಿಗೂ ಬರಂಗಿಲ್ಲ ಅಂತ ಹೇಳಿಬಿಡ್ತೀನಿ. ಇಲ್ಲೇ ಎಲ್ಲರೆ ಟ್ಯೂಷನ್ ಹೇಳ್ಕೊಂಡು ಇರ್ತೀನ್ರಿ.”

ಇಲ್ಲೇ ಇರ್ತಾನೆ! ಅವಳ ಎದೆ ಒಮ್ಮೆ ಕುಣಿಯಿತು. ಆಮೇಲೆ ಅವನ ಸೋತ ಮುಖ ಕಂಡು ತನ್ನ ಮೇಲೇ ನಾಚಿಕೆಯಾಯಿತು.

“ನಿಮ್ದು ಸರಿ ಇದೆ. ನಂದೂ ಸರಿ ಇದೆ. ದಿಕ್ಕನ್ನ ನಾನು ಉಲ್ಟಾ ತಗೊಂಡಿದ್ದೆ, ಅಷ್ಟೇ.”

“ಯಾವಾಗ ಗೊತ್ತಾತು?”

“ಮಂಗಳವಾರ.”

“ಮಂಗಳವಾರ?” ಅವನ ದನಿ ಏರಿತು. “ಅವತ್ತಿಂದ ನನಗ ನಿದ್ದಿ ಇಲ್ರಿ! ಯಾಕ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಹೊರಟುಹೋಗ್ತೀರಲ್ಲ.” ಅವಳ ಕಣ್ಣು ತುಂಬಿತು. “ಸಾರಿ. ತಪ್ಪಾಯ್ತು. ನೀವಂದ್ರೆ ನಂಗೆ ತುಂಬಾ ಇಷ್ಟ, ಅದಕ್ಕೇ ಈ ಕಳ್ಳಾಟ ಆಡ್ದೆ. ಪುಣೆಗೆ ಹೋಗಿ ವೀರೇಶ್. ದಯವಿಟ್ಟು ಹೋಗಿ.”

ಅವನು ಮುಂದೆ ನಡೆದುಬಿಟ್ಟ. ಎಲ್ಲಾ ಮುಗಿಯಿತು ಅಂದುಕೊಂಡು ದಿವ್ಯ ನಿಂತಲ್ಲೇ ನಿಂತಳು. ಸ್ವಲ್ಪ ದೂರ ಹೋದವನು ಸರ್ರನೆ ತಿರುಗಿ ವಾಪಸ್ಸು ಬಂದ. ಸಿಟ್ಟು ಮಾಡಿಕೊಳ್ಳಲು ನೋಡಿ, ಆಗದೆ ನಗುತ್ತಿದ್ದ.

“ಪುಣೆಗೆ ಹೋಗ್ತೀನ್ರಿ. ಆದ್ರ ಅದಕ್ಕಿಂತ ಮೊದ್ಲ ನಿಮ್ಮಪ್ಪಾರನ್ನ ನೋಡ್ಬೇಕು. ಮನ್ಯಾಗ ಅದಾರೇನು?”

“ಈಗ್ಲೇನಾ?”

“ಈಗ್ಲೇ. ತಡಾ ಮಾಡಿದ್ರ ಏನಾಕ್ಕೈತಿ ನೋಡಿದ್ರಲ್ಲ. ನನಗರೆ ನಿಮ್ಮನ್ನ ಬಿಟ್ಟು ಹೋಗೂದು ಸುಲಭ ಅಂತ ತಿಳ್ಕೊಂಡ್ರೇನು?”

ದಿವ್ಯ ಅಳುತ್ತಲೇ ನಕ್ಕಳು. ಮನೆಯ ಕಡೆ ಅವನಿಗಿಂತ ಮುಂದೆ ಅವಳೇ ಹೊರಟಳು.